ಸೋಮವಾರದ ಈಜಿಗೆ ಕಾರಣ ಕೇಳಿದವರಿಗೆ

ನಮ್ಮ ಪ್ರಾಂತದ ಕ್ರೈಸ್ತ ಸಭೆಗಳ ಮಾನ್ಯ ಮೇಲ್ವಿಚಾರಕರೇ,

ಬೆಟಗೇರಿಯ ನಮ್ಮ ಸಭಾಪಾಲಕರಾದ ದೇವದಾನ ಹೊಳೆಯಪ್ಪನವರು ಸೋಮವಾರ ಬಾವಿಯಲ್ಲಿ ಈಜಿದರೆಂದು ತಾವು ಅವರಿಗೆ ಕಾರಣ ಕೇಳಿ ನೋಟೀಸು ಕಳಿಸಿದ್ದೀರಿ. ಆ ನೋಟೀಸಿನ ಮೇಲೆ ನನಗೆ ಅನುಮಾನವಿದೆ. ಮುಚ್ಚಿದ ಲಕೋಟೆಯಲ್ಲಿ ಬರೆದರೆ ಈ ಅನುಮಾನ ನಿಮ್ಮ ಕಪಾಟಿನಲ್ಲೇ ಉಳಿದೀತೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಗದಗು ಜಿಲ್ಲೆಯಾದಾಗ ಸರ್ಕಾರ ನಮಗೆ ಹೊಸ ಕಚೇರಿಗಳನ್ನು ಕೊಟ್ಟಿತು. ತಾವು ನಮ್ಮ ಪಾಲಕರಿಗೆ ಹೊಸ ಊರುಗಳನ್ನು ಕೊಟ್ಟಿರಿ. ಬೆಟಗೇರಿಯ ಜೊತೆಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಭಾನುವಾರ ಮೂರು ಆರಾಧನೆ, ವಾರವಿಡೀ ಬಸ್ಸು, ಮದುವೆ, ಸತ್ತವರ ಮಣ್ಣು, ಮನೆ ಪ್ರಾರ್ಥನೆ. ಇನ್ನೊಬ್ಬ ಪಾಲಕರನ್ನು ಕೊಡಿರೆಂದು ಸಭೆಯ ಕಾರ್ಯದರ್ಶಿಯಾಗಿ ನಾನೇ ಬರೆದು ಹದಿನಾಲ್ಕು ತಿಂಗಳಾಯಿತು. ಉತ್ತರವಿಲ್ಲ. ಕಳೆದ ಮೇ ತಿಂಗಳಲ್ಲಿ ಮುಂಡರಗಿಯಲ್ಲಿ ಪ್ರಭುಭೋಜನದ ರೊಟ್ಟಿ ಮುರಿಯುತ್ತಲೇ ಅವರು ಕುಸಿದು ಬಿದ್ದರು. ವಾರಕ್ಕೊಂದು ದಿನ ಪೂರ್ತಿ ಬಿಡುವು ಬೇಕೆಂದು ಡಾಕ್ಟರು ಚೀಟಿ ಬರೆದರು. ಆ ಚೀಟಿ ನನ್ನ ಕೈಯಿಂದ ನೇರ ನಿಮ್ಮ ಕಚೇರಿಗೆ ಬಂತು. ಸಭೆಯಲ್ಲಿ ಮತ್ತಾರೂ ಅದನ್ನು ನೋಡಿಲ್ಲ. ಅಂದಿನಿಂದ ಪ್ರತಿ ಸೋಮವಾರ ಅವರು ಅಂತೂರ ಬೆಂತೂರು ಹಳ್ಳಿಗೆ ಹೋಗಿ, ಶಾಲೆಯ ಗೆಳೆಯ ಮಹಬೂಬಸಾಬರ ಹೊಲದ ಬಾವಿಯಲ್ಲಿ ಈಜತೊಡಗಿದರು.

ಖರೆ ಹೇಳುತ್ತೇನೆ, ಮೊದಲು ನನಗೂ ಸಿಟ್ಟು ಬಂದಿತ್ತು. ಗಂಡ ತೀರಿದ ಮೇಲೆ ನನ್ನ ತಂಗಿ ಮಾತು ಬಿಟ್ಟಿದ್ದಳು, ಊಟವನ್ನೂ ಬಿಡುತ್ತಿದ್ದಳು. ಒಂದು ಸೋಮವಾರ ಪಾಲಕರನ್ನು ಹುಡುಕುತ್ತ ಆ ಬಾವಿಯವರೆಗೂ ಹೋದೆ. ಅವರು ದಂಡೆಯಿಂದ ಧುಮುಕುತ್ತಿದ್ದರು. "ಲೇ ದೇವದಾನ, ನೀರಾಗ ಪ್ರಸಂಗ ಸಾಕ, ಕೈಕಾಲ ಬಡಿ!" ಎಂದು ಮಹಬೂಬಸಾಬರು ಕೂಗುತ್ತಿದ್ದರು. ಪಾಲಕರು ಗಟ್ಟಿಯಾಗಿ ನಗುತ್ತಿದ್ದರು. ಆ ನಗು ನಾನು ಎಂದೂ ಕೇಳಿರಲಿಲ್ಲ.

ನನ್ನನ್ನು ಕಂಡು ಮೇಲೆ ಬಂದು, ಟವೆಲು ಹೊದ್ದು, "ತಂಗಿ ಜೀವಕ್ಕೇನರ ಅಪಾಯ ಐತೇನ್ರಿ?" ಎಂದು ಕೇಳಿದರು.

"ಇಲ್ರಿ. ಮನಸ್ಸಿಗೆ ಸಮಾಧಾನ ಇಲ್ಲ ಅಕಿಗೆ."

"ಹಂಗಾದ್ರ ನಾಳಿ ಮುಂಜಾನೆ ಬರ್ತೀನ್ರಿ ಅಮೃತವ್ವಾರ. ಇವತ್ತ ಬಂದ್ರ ಬರೇ ನನ್ನ ಅಂಗಿ ಬರತೈತಿ."

ನಾನು ಉರಿಯುತ್ತ ಮನೆಗೆ ಬಂದೆ. ಮರುದಿನ ಅವರು ಬಂದರು. ಪ್ರಾರ್ಥನೆಯ ನಡುವೆಯೇ ಬಸ್ಸಿನ ಹೊತ್ತು ನೋಡುತ್ತಿದ್ದ ಮನುಷ್ಯ ಅಂದು ಮೂರು ತಾಸು ಸುಮ್ಮನೆ ಕುಳಿತರು. ಕೊನೆಗೆ ತಂಗಿಯೇ ಬಾಯಿ ಬಿಟ್ಟಳು: "ಜೀವ ಹೋಗೂಮುಂದ ಅವರು ನೀರ ಕೇಳಿದ್ರು. ನಾ ಒಳಗಿಂದ ತರೂದ್ರಾಗ ಹೋಗಿಬಿಟ್ರು." ಪಾಲಕರು ಉಪದೇಶ ಮಾಡಲಿಲ್ಲ. "ಇಷ್ಟ ದಿನ ಇದನ್ನ ಒಬ್ಬಾಕಿನ ಹೊತ್ಕೊಂಡಿದ್ದಿ ಏನವಾ?" ಎಂದರು. ಅವಳು ಅತ್ತಳು. ಆ ಸಂಜೆ ರೊಟ್ಟಿ ತಿಂದಳು.

ಇದು ಸೇವೆಯೋ ಸೋಮಾರಿತನವೋ, ತಾವೇ ಹೇಳಬೇಕು. ಬಿರುಗಾಳಿಯಲ್ಲಿ ದೋಣಿಯೊಳಗೆ ಮಲಗಿದ ನಮ್ಮ ಕರ್ತನಿಗೂ ಕಾರಣ ಕೇಳುತ್ತಿದ್ದಿರಾ? ಕಾನಾ ಊರಿನ ಮದುವೆಯೂಟಕ್ಕೆ ಆತ ಯಾರ ಅಪ್ಪಣೆ ಪಡೆದಿದ್ದ?

ಇನ್ನು ನನ್ನ ಅನುಮಾನ. ನೋಟೀಸಿನ ಜೊತೆ ಹೆಸರಿಲ್ಲದ ದೂರಿನ ಪ್ರತಿಯೊಂದನ್ನು ಲಗತ್ತಿಸಿದ್ದೀರಿ. 'ಡಾಕ್ಟರ ಚೀಟಿ ಬರೀ ನೆಪ' ಎಂದು ಅದರಲ್ಲಿದೆ. ಯಾರೂ ನೋಡದ ಚೀಟಿ ಆ ಅನಾಮಧೇಯ ಭಕ್ತರಿಗೆ ಹೇಗೆ ತಿಳಿಯಿತು? ಹದಿನಾಲ್ಕು ತಿಂಗಳು ನಮ್ಮ ವಿನಂತಿಗೆ ಸಿಗದ ಉತ್ತರ ಈ ದೂರಿಗೆ ನಾಲ್ಕೇ ದಿನಕ್ಕೆ ಹೇಗೆ ಸಿಕ್ಕಿತು? ಇನ್ನೊಬ್ಬ ಪಾಲಕರನ್ನು ಕೇಳುವ ಬಾಯಿ ಮುಚ್ಚಿಸುವುದಕ್ಕೋ?

ಪಾಲಕರು ಹೆದರಿದ್ದಾರೆ. ಸೋಮವಾರದ ಬಿಡುವನ್ನು ಬಿಡುತ್ತೇನೆಂದು ಕ್ಷಮಾಪಣೆ ಬರೆದು, ಸಭೆಯ ಸಮಿತಿಯ ಸಹಿಗೆಂದು ನನ್ನ ಮುಂದಿಟ್ಟರು. "ತಪ್ಪೇನ ಮಾಡೀರಿ?" ಎಂದೆ. "ಗೊತ್ತಿಲ್ರಿ. ವರ್ಗಾ ಆದ್ರ ಮಕ್ಕಳ ಶಾಲಿ ನಡುವ ಬಿಡಸಬೇಕಾಕೈತಿ" ಎಂದರು. ಸಮಿತಿಯ ಏಳು ಜನರಲ್ಲಿ ಐವರು ಸಹಿ ಹಾಕಲಿಲ್ಲ. ಹಾಕಿದ ಇಬ್ಬರ ಮೇಲೂ ನನಗೆ ಅನುಮಾನವಿದೆ.

ಮೊನ್ನೆ ಸೋಮವಾರ ಅವರು ಎಲ್ಲಿಗೂ ಹೋಗದೆ, ಯಾರಾದರೂ ಕರೆದಾರೆಂದು ಮನೆ ಬಾಗಿಲು ತೆರೆದು ಕುಳಿತಿದ್ದರಂತೆ. ಯಾರೂ ಹೋಗಲಿಲ್ಲ. ಹೋಗಬಾರದೆಂದು ನಾವೇ ಮಾತಾಡಿಕೊಂಡಿದ್ದೆವು. ರೋಗಿಗಳ ಮನೆಗಳಿಗೆ ನಾನೂ ನನ್ನ ತಂಗಿಯೂ ಹೋಗಿ ಬಂದೆವು. ಮಧ್ಯಾಹ್ನ ಅವರು ಕುರ್ಚಿಯಲ್ಲೇ ನಿದ್ದೆ ಹೋದರೆಂದು ಅವರ ಹೆಂಡತಿ ಹೇಳಿದರು.

ನೋಟೀಸು ಹಿಂದಕ್ಕೆ ತೆಗೆದುಕೊಳ್ಳಿ. ಮುಂಡರಗಿ, ಶಿರಹಟ್ಟಿಗಳಿಗೆ ಬೇರೆ ಪಾಲಕರನ್ನು ಕಳಿಸಿ. ದೂರು ಬರೆದವರ ಹೆಸರು ಹೇಳಿ. ಅಲ್ಲಿಯವರೆಗೆ ಸೋಮವಾರ ಅವರ ಬಾಗಿಲು ನಾವ್ಯಾರೂ ತಟ್ಟುವುದಿಲ್ಲ. ಆಮೇಲೂ ತಟ್ಟುವುದಿಲ್ಲ.

ಇಂತಿ,
ಮೂವತ್ತೊಂದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ವಿಧೇಯತೆ ಕಲಿಸಿ, ಈಗ ಅದನ್ನೇ ಮರೆಯಬೇಕಾಗಿ ಬಂದ
ಅಮೃತವ್ವ, ಬೆಟಗೇರಿ