ನಡುಹಲಗೆ

12-11-2024, ಮಂಗಳವಾರ

ಊಟಕ್ಕೆ ಮೂರು ಸಲ ಕರೆದೆ. ಇವರು ಶೆಡ್ಡಿನಿಂದ ಹೊರಗೆ ಬಂದಾಗ ಎರಡೂವರೆ. ತಲೆಯೆಲ್ಲ ಅಲ್ಯೂಮಿನಿಯಂ ಪುಡಿ. ಬೋಟು ಮುಗಿಯಿತಂತೆ. ಮೂವತ್ತು ವರ್ಷ ಮಂಗಳೂರಿನಲ್ಲಿ ಬೇರೆಯವರ ಬೋಟಿಗೆ ವೆಲ್ಡಿಂಗ್ ಮಾಡಿದರು. ಅಜ್ಜಂಪುರಕ್ಕೆ ಬಂದ ಮೇಲೆ ತಮಗಾಗಿ ಒಂದು ಹಾಯಿದೋಣಿ. ನಾಲ್ಕು ವರ್ಷ ಹಿಡಿಯಿತು.

ಹಾಲು ಕೊಡಲು ಬಂದ ಕರಿಬಸಮ್ಮ, "ತೀರ್ಥಣ್ಣಾ, ಸಮುದ್ರ ಯಾವ ರೈಲಿಗೆ ಬತ್ತೈತೆ?" ಅಂದಳು.

"ಬೀರೂರಲ್ಲಿ ಕ್ರಾಸಿಂಗ್ ಕಣವ್ವ. ಲೇಟು."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಜನವರಿಯಲ್ಲಿ ಮಲ್ಪೆಯಿಂದ ಕಾರವಾರದವರೆಗೆ ಒಬ್ಬರೇ ಹೋಗುವವರು. ಅರವತ್ತೊಂದು ವಯಸ್ಸು, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ತಾಯೀ ಅಂತರಘಟ್ಟಮ್ಮಾ, ಹೇಗಾದರೂ ತಪ್ಪಿಸು.

14, ಗುರುವಾರ

ಶೆಡ್ಡಿಗೆ ಕರೆದು ತೋರಿಸಿದರು. ಬೋಟಿನ ನಡುವೆ ತಳ ತೆರೆದ ಒಂದು ಕಿರಿದಾದ ಪೆಟ್ಟಿಗೆ. ಅದರೊಳಗೆ ದಪ್ಪ ಹಲಗೆ. ಹಗ್ಗ ಬಿಟ್ಟರೆ ಕೆಳಗೆ ನೀರಿಗೆ ಇಳಿಯುತ್ತದೆ, ಎಳೆದರೆ ಒಳಗೆ ಬರುತ್ತದೆ. ಅದು ಇಳಿದಿದ್ದರೆ ಬೋಟು ಗಾಳಿಗೆ ಅಡ್ಡಡ್ಡ ಜಾರುವುದಿಲ್ಲವಂತೆ.

"ಎತ್ಕಂಡ್ರೆ ಮೊಣಕಾಲುದ್ದ ನೀರು ಸಾಕು ಕಣೇ. ಬೇರೆ ಬೋಟು ನಿಲ್ಲಕ್ಕೆ ಬಂದರು ಬೇಕು, ಇದು ಯಾವ ಹೊಳೆ ಬಾಯಿಗಾದ್ರೂ ನುಗ್ತದೆ. ನೀರು ಇಳಿದೋದ್ರೆ ಕೆಸರಲ್ಲಿ ಎಮ್ಮೆ ಹಂಗೆ ಕೂತ್ಕಂತದೆ, ವಾಲಲ್ಲ. ಕಲ್ಲಿಗೆ ಬಡುದ್ರೆ ತಗ್ಗು ಬೀಳ್ತದೆ, ಒಡೆಯಲ್ಲ."

ಹೇಳುವಾಗ ಮುಖ ಮದುಮಗನ ಹಾಗೆ.

ಪೂಜೆಗೆ ಒಪ್ಪಿದರು. ಒಂದೇ ಷರತ್ತು — ತಾಮ್ರದ ಚೊಂಬು, ತಾಮ್ರದ ಕಾಸು ಮುಟ್ಟಿಸಬಾರದು. ನೀರಿನಲ್ಲಿ ತಾಮ್ರವು ಅಲ್ಯೂಮಿನಿಯಂ ಅನ್ನು ತಿನ್ನುತ್ತದಂತೆ.

18, ಕಾರ್ತಿಕ ಸೋಮವಾರ, ಬೆಳಿಗ್ಗೆ 6

ಪೂಜೆ ಆಯಿತು. ಸ್ಟೀಲ್ ಚೊಂಬಿನಲ್ಲೇ.

ಬೋಟನ್ನು ಪರೀಕ್ಷೆಗೆ ಕೆರೆಗೆ ಒಯ್ಯುವ ಲಾರಿಯ ಹಗ್ಗ ಬಿಗಿಸಲು ಇವರು ಹೋದರು. ಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿರಲಿಲ್ಲ. ಮನೆ ಕಟ್ಟುವಾಗ ಪಾಯಕ್ಕೆ ನವಧಾನ್ಯ ಬಿಡದೆ ಕಲ್ಲಿಡುತ್ತೇವೆಯೇ? ಬೋಟಿಗೆ ಪಾಯ ಎಂದರೆ ಆ ಹಲಗೆ. ನವಧಾನ್ಯವನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಅಂತರಘಟ್ಟಮ್ಮನನ್ನು ನೆನೆದು ಹಲಗೆಯ ಪಕ್ಕದ ಸಂದಿಯೊಳಗೆ ಬಿಟ್ಟೆ. ಇವರಿಗೆ ಹೇಳಲಿಲ್ಲ, ನಗುತ್ತಾರೆ. ಕಾಸು ಹಾಕಲಿಲ್ಲ. ಮಾತು ಉಳಿಸಿಕೊಂಡೆ.

ಇವರು ಬಂದು ಮುಚ್ಚಳಕ್ಕೆ ಬೋಲ್ಟ್ ಹಾಕಿದರು.

ಅದೇ ದಿನ, ಸಂಜೆ

ಈಗಷ್ಟೇ ಮನೆಗೆ ಬಂದೆವು.

ಅಯ್ಯನಕೆರೆ. ನೀರಿಗಿಳಿಸಿ ಎರಡು ಗಂಟೆ ದಡದಲ್ಲೇ ಕಟ್ಟಿ ನೋಡಿದರು. ಒಂದು ಹನಿ ಸೋರಲಿಲ್ಲ. ಆಮೇಲೆ ಇವರು, ಲಾರಿ ಚಂದ್ರಕುಮಾರ್ ಇಬ್ಬರೇ ಹುಟ್ಟು ಹಾಕಿಕೊಂಡು ನಡುಗೆರೆಗೆ ಹೋದರು. ಹಾಯಿ ಏರಿತು. ಗಾಳಿ ಬಂತು. ಬೋಟು ಮುಂದಕ್ಕೆ ಹೋಗಲಿಲ್ಲ — ಅಡ್ಡಡ್ಡ, ಕೆರೆ ಏರಿಯ ಕಡೆಗೆ, ನಾನು ನಿಂತ ಕಡೆಗೇ ಬಂತು. ಇವರು ಪೆಟ್ಟಿಗೆಯ ಮೇಲೆ ಕೂತು ಹಗ್ಗ ಎಳೆದು ಎಳೆದು ಬಿಡುತ್ತಿದ್ದರು. ಹಲಗೆ ಇಳಿಯಲಿಲ್ಲ.

"ಹಾಯಿ ಬಿಡೋ ಚಂದ್ರಾ! ಬಿಡೋ ಲೇ!"

ಏರಿ ಕಲ್ಲಿಗೆ ಬಡಿಯಿತು. ಬೋಟು ಒಡೆಯಲಿಲ್ಲ. ಕಲ್ಲಿಗೆ ಕೈ ಕೊಟ್ಟು ತಡೆಯಲು ಹೋದ ಚಂದ್ರಕುಮಾರ್... ಬಲ ಮುಂಗೈ ಮುರಿದಿದೆ. ಕಡೂರಿನಲ್ಲಿ ಪಟ್ಟಿ ಹಾಕಿಸಿ ಬಂದೆವು. ಬೋಟನ್ನು ಬೇರೆ ಡ್ರೈವರ್ ಶೆಡ್ಡಿಗೆ ತಂದಿಳಿಸಿದ.

19, ಮಂಗಳವಾರ

ಬೋಟಿನ ಅಡಿಯಿಂದ ತಂತಿ ತೂರಿಸಿ ನೋಡಿದರು. ಅರ್ಧಕ್ಕೇ ನಿಂತಿತು.

"ಎರಡನೇ ಬೆಸುಗೆ ಸೀಮು. ಶಾಖಕ್ಕೆ ಪೆಟ್ಟಿಗೆ ಒಳಕ್ಕೆ ಬಾಗೈತೆ. ಅವತ್ತೇ ಅನುಮಾನ ಇತ್ತು. ಕಣ್ಣು ಹೋದೋನು ವೆಲ್ಡಿಂಗ್ ಟಾರ್ಚ್ ಹಿಡೀಬಾರ್ದು ಕಣೇ. ಚಂದ್ರನ್ನ ಸಾಯಿಸಿಬಿಡ್ತಿದ್ದೆ."

ಕಾರಣ ಸಿಕ್ಕಿತೆಂದು ಮುಚ್ಚಳ ಬಿಚ್ಚಲಿಲ್ಲ.

ನೀರು ಕುಡಿದ ಕಡಲೆ ಎಷ್ಟು ದಪ್ಪವಾಗುತ್ತದೆ ಎಂದು ಅಡಿಗೆ ಮಾಡುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿನ್ನೆ ಏರಿಯ ಮೇಲೇ ಗೊತ್ತಾಯಿತು. ಬಾಯಿ ತೆರೆಯಲಿಲ್ಲ.

ತಪ್ಪಿಸು ಎಂದು ಕೇಳಿದ್ದೆ. ತಪ್ಪಿಸಿದಳು. ಹಾಗಂದುಕೊಂಡೇ ದೀಪ ಹಚ್ಚಿದೆ.

23, ಶನಿವಾರ

ಬರೆಯಲು ಮನಸ್ಸಿರಲಿಲ್ಲ.

ಪಕ್ಕದ ಮನೆಯ ಈರಭದ್ರಪ್ಪನವರು ವೆಲ್ಡಿಂಗ್ ಮಾಡಿಸಲು ಗೇಟಿನ ಕೀಲು ತಂದರು. ಹತ್ತು ನಿಮಿಷದ ಕೆಲಸ. "ನನ್ ಕೈಲಿ ಆಗಲ್ಲ, ತರೀಕೆರೆಗೆ ತಗಂಡೋಗಿ" ಅಂದರು ಇವರು. ಈರಭದ್ರಪ್ಪನವರು ನನ್ನ ಮುಖ ನೋಡಿದರು. ನಾನು ಒಲೆಯ ಕಡೆ ತಿರುಗಿದೆ.

ನಾಳೆ ಬೋಟು ಕತ್ತರಿಸುತ್ತಾರೆ. ಚಂದ್ರಕುಮಾರ್ ಫೋನಿನಲ್ಲಿ ಬೈದ, "ಕೈ ಮುರುದಿರೋದು ನಂದು ಕಣಣ್ಣ, ನಿಂದಲ್ಲ!" ಇವರು ಫೋನು ಇಟ್ಟುಬಿಟ್ಟರು.

ಸುಮ್ಮನಿದ್ದರೆ ಇವರು ಮನೆಯಲ್ಲೇ ಇರುತ್ತಾರೆ. ಹೇಳಿದರೆ ಸಮುದ್ರಕ್ಕೆ ಹೋಗುತ್ತಾರೆ. ದೇವರ ಮುಂದೆ ಕೂತರೆ ಇವಿಷ್ಟೇ ಎರಡು ಮಾತು, ಮಂತ್ರ ಬರುತ್ತಿಲ್ಲ.

24, ಭಾನುವಾರ, 11 ಗಂಟೆ

ಗ್ರೈಂಡರ್ ಸದ್ದು ಕೇಳಿ ಓಡಿದೆ. ಹಾಯಿಕಂಬ ಕತ್ತರಿಸಲು ಗೆರೆ ಹಾಕಿದ್ದರು. ಪ್ಲಗ್ ಕಿತ್ತೆ.

"ಮುಚ್ಚಳ ಬಿಚ್ಚಿ. ಒಳಗೆ ನನ್ನ ಗಂಟೈತೆ."

ಬಿಚ್ಚಿದರು. ಕೊಕ್ಕೆ ಹಾಕಿ ಎಳೆದರು. ಮುಷ್ಟಿಗಿಂತ ದಪ್ಪ, ಹುಳಿ ವಾಸನೆ. ಬಟ್ಟೆ ಸೀಳಿಕೊಂಡು ಹೆಸರುಕಾಳು ಮೊಳಕೆ ಬಿಟ್ಟಿದೆ. ಹಗ್ಗ ಬಿಟ್ಟರು. ಹಲಗೆ ಸರಕ್ಕನೆ ಇಳಿದು ನೆಲಕ್ಕೆ ತಾಗಿತು. ಎಳೆದರು, ಬಿಟ್ಟರು. ಎರಡನೇ ಸೀಮಿನ ಮೇಲೆ ಬೆರಳಾಡಿಸಿದರು, ತುಂಬಾ ಹೊತ್ತು.

ಬೈಯುತ್ತಾರೆ ಅಂದುಕೊಂಡೆ.

"ನಾನು ಹೋಗ್ಬಾರ್ದು ಅಂತ ಹಾಕಿದ್ದಾ?"

"ಅಯ್ಯೋ, ಇಲ್ಲ! ಒಳ್ಳೇದಾಗ್ಲಿ ಅಂತ."

"ಹಾಕಿದ್ದು ಸರಿ. ಐದು ದಿನದಿಂದ ನನ್ ಮುಖ ನೋಡ್ಕಂಡು ಸುಮ್ನಿದ್ಯಲ್ಲ, ಅದು?"

 ಒಳಗೆ ಬಂದೆ. ಇವರು ಇನ್ನೂ ಶೆಡ್ಡಿನ ಬಾಗಿಲಲ್ಲೇ ಕೂತಿದ್ದಾರೆ, ಕಾಯುತ್ತಿದ್ದಾರೆ. ಬರೆದುಕೊಂಡು ಹೋಗಿ ಹೇಳುತ್ತೇನೆ.

ಸುಮ್ಮನಿದ್ದದ್ದು, ನೀವು ಹೋಗಬಾರದು ಅಂತ.