ಹಾಲೆ ಮರದ ಡ್ರೋನು

ಮಾವಾ,

ನೀನು ಹೋದ ಮೇಲೆ ಇದೇ ಮೊದಲ ಸಲ ನೀನು ಮರ ಕಡೆಯುತ್ತಿದ್ದ ಲೇತಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಲ್ಕು ಜನರೆದುರು ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಕಾಗದದಲ್ಲಾದರೆ ಜಗಳವನ್ನೂ ಆಡಬಲ್ಲೆ.

ಚನ್ನಪಟ್ಟಣದ ಹೆದ್ದಾರಿಯ ಗೊಂಬೆ ಅಂಗಡಿಯಲ್ಲಿ ನಾವಿಬ್ಬರೂ ನಿಂತಿದ್ದ ಮಧ್ಯಾಹ್ನ ನೆನಪಿದೆಯಾ? ನೀನು ಕಡೆದ ಕುದುರೆಯನ್ನು ಕೈಗೆತ್ತಿಕೊಂಡಿದ್ದ ಮಗುವೊಂದು ಅದನ್ನು ಅಲ್ಲೇ ಬಿಟ್ಟು ಪ್ಲಾಸ್ಟಿಕ್ ಡ್ರೋನಿನ ಕಡೆಗೆ ಓಡಿತು. ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ನೀನು ಅಂಥದೇ ಒಂದು ಡ್ರೋನನ್ನು ಮನೆಗೆ ತಂದು ಬಿಚ್ಚಿ ಹರಡಿದೆ. "ಇದೇನ್ ಅಂತಾ ಗನಂದಾರಿ ಕೆಲ್ಸ ಕಣಮ್ಮಿ? ಮೋಟ್ರು ಅವ್ರದೇ ಇರ್ಲಿ. ಮೈ ಮಾತ್ರ ನಮ್ ಹಾಲೆ ಮರದ್ದು. ಹಾರುಸ್ತೀನಿ ನೋಡು."

ರಿಮೋಟು ಬೇಡ, ಕಂಪ್ಯೂಟರೇ ನಡೆಸಲಿ ಎಂದು ಹಟ ಹಿಡಿದವನೂ ನೀನೇ. ಇಸ್ಪೀಟ್ ಎಲೆಯಷ್ಟಗಲದ ಆ ಕಂಪ್ಯೂಟರ್ ಬೋರ್ಡು ಮನೆಗೆ ಬಂದ ದಿನ ಅದನ್ನು ಮೂಗಿಗೆ ಹಿಡಿದು ಮೂಸಿ ನೋಡಿದೆ. "ಇದ್ಕೆ ಹೇಳ್ಕೊಡೋಳು ನೀನು. ಕನ್ನಡ ಬಿ.ಎ. ಮಾಡಿದೀಯಲ್ಲ, ಇದ್ರ ಭಾಸೆನೂ ಒಸಿ ಕಲ್ತ್ಕೊ." ಅದೇ ಬೇರೆ, ಇದೇ ಬೇರೆ ಎಂದರೆ ಕೇಳಿದೆಯಾ? ಕಲಿತೆ. ಮೇಜಿನ ಮೇಲೆ ಕೂತ ಬೋರ್ಡು ವೈಫೈಯಲ್ಲಿ ಏಳು ಎಂದರೆ ಡ್ರೋನು ಏಳಬೇಕು, ನಿಲ್ಲು ಎಂದರೆ ನಿಲ್ಲಬೇಕು. ಏಳುವುದೇನೋ ಎದ್ದಿತು. ಸ್ವಲ್ಪ ಹೊತ್ತು ನೆಟ್ಟಗಿದ್ದು, ಆಮೇಲೆ ಕುಡಿದವನ ಹಾಗೆ ವಾಲಿಕೊಂಡು ಹೋಗಿ ಗೋಡೆಗೆ ಬಡಿಯಿತು. ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ. ನೀನು ಭಾರ ಹೆಚ್ಚಾಯಿತೆಂದು ಮರವನ್ನು ಇನ್ನೂ ತೆಳ್ಳಗೆ ಕಡೆದೆ. ನಾನು ನನ್ನ ಪ್ರೋಗ್ರಾಮೇ ತಪ್ಪೆಂದು ಅಳಿಸಿ ಅಳಿಸಿ ಬರೆದೆ. ಹೀಗೇ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ನೀನು ಎದೆ ಹಿಡಿದುಕೊಂಡು... ಅದನ್ನು ಬರೆಯುವುದಿಲ್ಲ.

ನಿನ್ನ ತಿಥಿಯ ದಿನ ಅಕ್ಕೂರಿನಿಂದ ಬಂದ ನಿನ್ನ ಅಣ್ಣ, ದೊಡ್ಮಾವ, ಈ ಕೋಣೆಯ ಬಾಗಿಲಲ್ಲಿ ನಿಂತು ನಕ್ಕರು. "ಕುದ್ರೆ ಮಾಡೋದ್ ಬುಟ್ಟು ಸೊಳ್ಳೆ ಮಾಡ್ಕಂಡು ಕುಂತಿದ್ನಲ್ಲ! ಆಯುಧಪೂಜೆ ಒಂದು ಮುಗೀಲಿ, ಲೇತ ಗುಜ್ರಿಗಾಕಿ ಕೋಣೆ ಬಾಡ್ಗೆಗೆ ಕೊಟ್ಬುಡವ." ನಾನು ಹಾರಿಸುತ್ತೇನೆ ಎಂದೆ, ಹತ್ತಿರ ನಿಂತವರಿಗಷ್ಟೇ ಕೇಳುವಷ್ಟು ಮೆಲ್ಲಗೆ. "ಪದ್ಯ ಓದ್ದೋಳು ಪದ್ಯ ಓದವ್ವ" ಎಂದರು. ಎಲ್ಲರೂ ನಕ್ಕರು. ನಿನ್ನ ಕೊನೆಯ ಕೆಲಸ ನಗೆಪಾಟಲಾಗಿ ಉಳಿಯಬೇಕೇ ಮಾವ?

ಹಬ್ಬ ಹತ್ತಿರವಾಗಿತ್ತು. ಮತ್ತೆ ಬಿದ್ದ ಡ್ರೋನನ್ನು ಎತ್ತಿಕೊಂಡಾಗ ಲೇತು ಓಡುವಾಗಿನ ವಾಸನೆ ಬಂತು. ಲೇತು ನಿಂತು ಎಷ್ಟು ಕಾಲವಾಗಿತ್ತು! ಮೋಟಾರು ಕೂರಿಸಿದ ಪುಟ್ಟ ಬಟ್ಟಲಿಗೆ ಬೆರಳಿಟ್ಟೆ, ಅಂಟಿತು. ಅರಗು! ನೀನು ಬಟ್ಟಲಿನ ಒಳಗೂ ಅರಗು ಹಿಡಿಸಿದ್ದೆ. "ಅರಗಿಲ್ದ ಸಾಮಾನು ಬೆತ್ಲೆ ಕೂಸಿದ್ದಂಗೆ, ನಮ್ಮನೆಯಿಂದ ಆಚೆ ಹೋಗ್ಕೂಡ್ದು" ಎನ್ನುತ್ತಿದ್ದವನಲ್ಲವೇ ನೀನು? ತಿರುಗುವ ಮರದ ಬಿಸಿಗೆ ಅರಗು ಕರಗಿ ಹಿಡಿಯುವುದನ್ನು ಹುಟ್ಟಿದಾಗಿನಿಂದ ನೋಡಿದವರು ನಾವು. ಮೋಟಾರಿನ ಬಿಸಿಗೂ ಅದು ಕರಗುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲವಲ್ಲ! ಯಾವ ಮೋಟಾರು ಮೊದಲು ಸಡಿಲವಾಗುವುದೋ ಆ ಕಡೆಗೆ ಡ್ರೋನು ವಾಲುತ್ತಿತ್ತು.

ನಿನ್ನ ಸಣ್ಣ ಉಳಿಯಿಂದಲೇ ಒಳಗಿನ ಅರಗನ್ನೆಲ್ಲ ಕೆರೆದು ಹಾಕಿದೆ. ಮೋಟಾರುಗಳಿಗೆ ನೂಲು ಸುತ್ತಿ ಬರಿ ಮರಕ್ಕೆ ಬಿಗಿಯಾಗಿ ಕೂರಿಸಿದೆ. ನೀನಿದ್ದರೆ ಬೈಯುತ್ತಿದ್ದೆ. ಬೈದುಕೋ. ಮನೆಯ ಪದ್ಧತಿ ಮುರಿದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಪೂಜೆಯ ದಿನ ಉಳಿಗಳ ಸಾಲಿನಲ್ಲಿ ಬೋರ್ಡನ್ನೂ ಇಟ್ಟೆ. ಅತ್ತೆ ಅದರ ಮೈಗೇ ಕುಂಕುಮ ಇಡಲು ಬಂದರು, ಕೈ ಹಿಡಿದು ತಡೆದೆ. ಮಾರನೆಯ ಬೆಳಿಗ್ಗೆ ದೊಡ್ಮಾವ ಗುಜರಿಯವನನ್ನು ಕರೆದುಕೊಂಡೇ ಬಂದರು. ನಾನು ಕೀಲಿಮಣೆ ಒತ್ತಿದೆ. ಮಾವ, ಅದು ಎದ್ದಿತು. ಲೇತಿನ ಮೇಲೆ, ದೊಡ್ಮಾವನ ಮೂಗಿನ ನೇರಕ್ಕೆ ಬಂದು ನಿಂತಿತು. ನಿಂತೇ ಇತ್ತು. "ಅಯ್ಯೋ, ಮರ ಕಣ್ರೀ ಇದು!" ಎಂದ ಗುಜರಿಯವನು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಮಾವ ಒಂದು ಹೆಜ್ಜೆ ಹಿಂದೆ ಸರಿದು, "ಸರಿ, ಹಾರ್ತು. ಆಸೆ ತೀರ್ತಲ್ಲ? ಕೋಣೆ ಕೀ ಕೊಡು" ಎಂದರು.

ಹಾರಿದರೆ ಅವರು ಒಪ್ಪುತ್ತಾರೆ ಎಂದುಕೊಂಡಿದ್ದೆ. ಅವರನ್ನು ಒಪ್ಪಿಸಬೇಕಾದ ಅಗತ್ಯವೇ ಇರಲಿಲ್ಲವೆಂದು ಆಗ ತಿಳಿಯಿತು.

"ಕೊಡಲ್ಲ ದೊಡ್ಮಾವ" ಎಂದೆ. ಬೀದಿಗೆ ಕೇಳುವಷ್ಟು ಜೋರಾಗಿ.

"ಏನಂದೆ?"

ಉತ್ತರ ಕೊಟ್ಟವರು ಅತ್ತೆ. "ಕೊಡಲ್ಲ ಅಂದ್ಲು ಬಾವ. ಕೀ ಅವ್ಳ ತಾವೇ ಇರ್ಲಿ ಬುಡಿ. ಮಿಸಿನ್ ಸದ್ದಿಲ್ದೆ ನಂಗೂ ಅನ್ನ ಸೇರ್ತಿಲ್ಲ."

ದೊಡ್ಮಾವ ಅಂದಿನಿಂದ ಮಾತು ಬಿಟ್ಟಿದ್ದಾರೆ. ಬಿಡಲಿ. ನಿನಗೆ ತಿಳಿಯದ ಸುದ್ದಿ ಇದು: ನಿನ್ನ ಲೇತಿಗೆ ಈಗ ನಾನು ಕೂರುತ್ತೇನೆ. ಮೊದಲು ಕಡೆದ ಬಟ್ಟಲು ಸೀಳಿಹೋಯಿತು, ಆಮೇಲಿನದು ಸೊಟ್ಟ. ಇನ್ನೊಂದು ತುಂಡು ಮರ ಆಗಲೇ ಲೇತಿನಲ್ಲಿ ಸಿಕ್ಕಿಸಿದ್ದೇನೆ. ಪೆನ್ನು ಕೆಳಗಿಡುತ್ತೇನೆ ಮಾವ, ಸ್ವಿಚ್ ಹಾಕಬೇಕು.