ಕುಕ್ಕರಿಗೆ ನೀರು ಹಾಕಬೇಡಿರಿ

ಅತ್ತಿ,

ಅರಭಾವಿಗೆ ಕೆಲಸಕ್ಕೆ ಹೊರಟೆ. ಅಪ್ಪನಿಲ್ಲದ ಮೊದಲ ಹುಟ್ಟುಹಬ್ಬಕ್ಕೆ ದಾನೇಶ್ವರಿ, ಅಪ್ಪ ಮಾಡುತ್ತಿದ್ದ ಪೀಚ್ ಕಾಬ್ಲರನ್ನೇ ಕೇಳಿದ್ದಾಳೆ.

ಪೀಚ್ ಹಣ್ಣಿನ ಹೋಳುಗಳಿಗೆ ಸಕ್ಕರೆ ಬೆರೆಸಿ, ಮೇಲೆ ಹಿಟ್ಟು ಹರಡಿ, ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟಿದ್ದೇನೆ. ಅವಳು ಶಾಲೆಯಿಂದ ಬರುವ ಮೊದಲು ಅದನ್ನು ಕುಕ್ಕರಿನಲ್ಲಿರುವ ಉಪ್ಪಿನ ಮೇಲಿಟ್ಟು, ಸಣ್ಣ ಉರಿಯಲ್ಲಿ ಬೇಯಿಸಿರಿ. ಸೀಟಿ, ರಬ್ಬರು ಬೇಡ.

ಹೋದ ಸಲ ಕೇಕಿಗೆ ಮಾಡಿದಂತೆ, “ನೀರ ಇಲ್ಲದ ಕುಕ್ಕರ ಸಿಡೀತೈತಿ” ಅಂತ ನೀರು ಸುರಿಯಬೇಡಿರಿ. ಬೇರೆ ಹಣ್ಣಿಲ್ಲ, ಗೋಕಾಕದಲ್ಲಿ ಮತ್ತೆ ಸಿಗುವುದೂ ಇಲ್ಲ.

ಮೇಲ್ಭಾಗ ಕೆಂಪಾದ ಕೂಡಲೇ ಗ್ಯಾಸ್ ಆರಿಸಿ ಫೋನ್ ಮಾಡಿರಿ. ಅಲ್ಲಿಯವರೆಗೆ ನನಗೆ ಸಮಾಧಾನವಿಲ್ಲ.

ಅವಳಿಗೆ ಕೊಡುವ ಮೊದಲು ನೀವು ತಿಂದು ನೋಡಿರಿ. ನಿಮ್ಮ ಮಗನ ಕೈರುಚಿ ನಿಮಗೆ ಗೊತ್ತು. ನನಗೆ ಈಗ ಸಿಹಿ, ಸಪ್ಪೆ ಎಲ್ಲ ಒಂದೇ.